ಧರ್ಮಣ್ಣನ ಅರ್ಕಾವತ್ತು

ಕಂಪ್ಯೂಟರಿಗೆ ಕನ್ನಡ ಬರುತ್ತದೆ ಎಂದು ನಂಬಿದವರಲ್ಲಿ ನಾನೂ ಒಬ್ಬ. ಅದಕ್ಕೆ ಬರುವುದು ಸಂಖ್ಯೆ ಮಾತ್ರ. ಯಾವ ಸಂಖ್ಯೆಗೆ ಯಾವ ಅಕ್ಷರ ಎಂಬುದು ನಾವೇ ಮಾಡಿಕೊಂಡ ಒಪ್ಪಂದ. ಒಪ್ಪಂದ ಮರೆತರೆ ‘ಅವ್ವ’ ಕೂಡ ಅರ್ಥವಾಗದು. ಇದು ನನಗೆ ತಿಳಿದದ್ದು ಸೇಡಂನಲ್ಲಿ, ಕಾಕಿಯ ಪಡಸಾಲೆಯಲ್ಲಿ. ಕಾಕಿ ಎಂದರೆ ನನ್ನ ಚಿಕ್ಕಪ್ಪನ ಹೆಂಡತಿ.

ತೀರಿಹೋದ ಕಾಕಾ ನಿವೃತ್ತಿಯ ನಂತರ ಕಂಪ್ಯೂಟರ್ ಕಲಿತಿದ್ದರು. ಹೆಂಗಸರು ಮದುವೆಯಲ್ಲಿ ಗಂಡನ ಹೆಸರು ಸೇರಿಸಿ ಹೇಳುವ ಒಡಪುಗಳನ್ನು ಕಾಕಿಯಿಂದ ಹೇಳಿಸಿಕೊಂಡು, ಒಂದೇ ಬೆರಳಿನಿಂದ ಟೈಪಿಸಿಟ್ಟಿದ್ದರು. ಈಗ ಶಹಾಬಾದಿನಲ್ಲಿ ಮೊಮ್ಮಗಳ ಮದುವೆ. ಕಾಕಿಗೆ ಅವು ಬೇಕಾದವು. ಫೈಲ್ ತೆರೆದರೆ ಕನ್ನಡದ ಸುಳಿವೇ ಇಲ್ಲ. ತಲೆಯ ಮೇಲೆ ಗೆರೆ, ಚುಕ್ಕಿ ಹೊತ್ತ ಇಂಗ್ಲಿಷ್ ಅಕ್ಷರಗಳ ಸಂತೆ.

“ಅವ್ರು ಬರ್ದಿದ್ದೆಲ್ಲಾ ಹೋತೇನೋ?” ಎಂದಳು ಕಾಕಿ.

“ಇಲ್ಲ ಕಾಕಿ, ತಡಿ, ನೋಡಾಕತ್ತೀನಿ.”

ಧೈರ್ಯವೇನೋ ಹೇಳಿದೆ. ಆಜ್ಞೆ ಟೈಪಿಸುವ ಕಪ್ಪು ಪರದೆ ತೆರೆದು, ಹಳೆಯ ಸಂಕೇತದಿಂದ ಈಗ ಎಲ್ಲೆಡೆ ನಡೆಯುವ ಯುನಿಕೋಡಿಗೆ ಸಾಗಿಸು ಎಂದು ‘ಐಕಾನ್ವ್’ ಎಂಬ ಆಜ್ಞೆ ಕೊಟ್ಟೆ. ಕ್ಷಣದಲ್ಲಿ ಮುಗಿಸಿತು. ನೋಡಿದರೆ ಅದೇ ಸಂತೆ! ಅದರ ತಪ್ಪೇನಿಲ್ಲ. ಕಾಕಾ ಬಳಸಿದ್ದ, ಈಗ ಕಂಪ್ಯೂಟರಿನಲ್ಲಿಲ್ಲದ ಹಳೆಯ ಫಾಂಟು ಇಂಗ್ಲಿಷ್ ಅಕ್ಷರಗಳಿಗೇ ಕನ್ನಡದ ವೇಷ ಹಾಕಿತ್ತು. ಐಕಾನ್ವ್ ವೇಷ ಬಿಟ್ಟು ಒಳಗಿದ್ದವರನ್ನೇ ನಿಷ್ಠೆಯಿಂದ ಸಾಗಿಸಿತ್ತು. ಕೊನೆಗೆ ಯಾವ ಗುರುತು ಯಾವ ಅಕ್ಷರ ಎಂದು ಒಂದೊಂದಾಗಿ ಹೊಂದಿಸಿ, ಬದಲಿಸುವ ಕೆಲಸವನ್ನು ‘ಸೆಡ್’ ಎಂಬ ಇನ್ನೊಂದು ಆಜ್ಞೆಗೆ ಒಪ್ಪಿಸಿದೆ. ಸೇಡಂನಲ್ಲಿ ಸೆಡ್ಡೇ ಕೈಹಿಡಿಯಿತು.

ಕಾಕಿ ಚಷ್ಮಾ ಏರಿಸಿ ತನ್ನದೇ ಒಡಪು ಓದಿದಳು: “ತೊಗರಿ ಹೊಲದಾಗ ಅರಳ್ಯಾವ ಹೂವ, ಧಮರ್ಣ್ಣನವರ ಮನ್ಯಾಗ ಮರತೀನಿ ತವರಿನ ನೋವ.” ತಟ್ಟನೆ ನಿಲ್ಲಿಸಿದಳು. “ಯಾರೋ ಇವ, ಧಮರ್ಣ್ಣ?”

ಅರ್ಕಾವತ್ತಿನ, ಅಂದರೆ ಅಕ್ಷರದ ಬಲಕ್ಕೆ ಬರೆಯುವ ‘ರ್’ ಗುರುತಿನ ಆಟ. ಹಳೆಯ ಫಾಂಟಿನಲ್ಲಿ ಅದು ಕಣ್ಣಿಗೆ ಕಂಡಂತೆ ಅಕ್ಷರದ ನಂತರ. ಯುನಿಕೋಡಿನಲ್ಲಿ ಬಾಯಿಗೆ ಬಂದಂತೆ ಮೊದಲು. ನಾನು ವಿವರಿಸುವಷ್ಟರಲ್ಲಿ ಕಾಕಿಗೆ ಸಿಟ್ಟು ಬಂತು.

“ಧಮರ್ಣ್ಣ ಅಲ್ಲೋ ಹುಚ್ಚಾ, ಧರ್ಮಣ್ಣ! ಧರ್ಮಣ್ಣ!”

ಒಡಪಿನ ಹೊರಗೆ ಕಾಕಿ ಗಂಡನ ಹೆಸರೆತ್ತಿದ್ದನ್ನು ನಾನು ಎಂದೂ ಕೇಳಿರಲಿಲ್ಲ. ಕಾಕಾ ಇದ್ದಾಗಲೂ ‘ಅವ್ರು’, ಹೋದ ಮೇಲೂ ‘ಅವ್ರು’. ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅಳುತ್ತಾಳೆ ಅಂದುಕೊಂಡೆ, ನಗುತ್ತಿದ್ದಳು.

“ಕೇಳಿದ್ರ ಏನಂತಿದ್ರೋ ಏನೋ!”

ಅರ್ಕಾವತ್ತನ್ನು ಅಕ್ಷರದ ಮೊದಲಿಗೆ ಸರಿಸುವ ಸಾಲೊಂದನ್ನು ಆಜ್ಞೆಗೆ ಸೇರಿಸಿ ಮತ್ತೆ ಓಡಿಸಿದೆ. ಈಗ ಎಲ್ಲವೂ ಸರಿ. ಆದರೆ ಕಾಕಿ ಉಳಿದ ಒಡಪುಗಳ ಕಡೆ ನೋಡಲೇ ಇಲ್ಲ.

“ಧರ್ಮಣ್ಣ. ಹೂಂ, ಸರಿ ಆಗ್ಯಾದ. ತಡಿ, ಇನ್ನೊಮ್ಮೆ ನೋಡ್ತೀನಿ... ಧರ್ಮಣ್ಣ.”

ಪರಿವರ್ತನೆಗೆ ಕ್ಷಣ ಸಾಕಾಗಿತ್ತು; ಪರಿಶೀಲನೆ ಸಂಜೆಯ ಚಹಾದವರೆಗೂ ನಡೆಯಿತು.