ದಂಟು ಟಕ್ಕೆನ್ನದೆ ಬೀಗ ತೆರೆಯದು

ಬೆಳಗಿನ ಐದೂವರೆ. ಗೋದಾಮಿನ ಗೇಟಿನಾಚೆ ಲಾರಿಯೊಂದು ಎಂಜಿನ್ ಆರಿಸದೆ ಗುರುಗುಡುತ್ತ ನಿಂತಿದೆ. ಒಳಗೆ, ಆಳೆತ್ತರದ ಹೊಗೆಸೊಪ್ಪಿನ ರಾಶಿಗಳ ನಡುವೆ, ಅರವತ್ತೆಂಟರ ಹೆಂಗಸೊಬ್ಬರು ಮೊಳಕೈವರೆಗೆ ಕೈ ತೂರಿಸಿ, ರಾಶಿಯ ತೀರ ಒಳಗಿನ ಎಲೆಯೊಂದನ್ನು ಎಳೆದು, ಅದರ ನಡುದಂಟನ್ನು ಎಡಗಿವಿಯ ಹತ್ತಿರ ಹಿಡಿದು ಬಗ್ಗಿಸುತ್ತಾರೆ. ಕಣ್ಣು ಮುಚ್ಚಿವೆ. ದಂಟು ಸದ್ದಿಲ್ಲದೆ ಬಾಗುತ್ತದೆ. ಇನ್ನೊಂದು ಎಲೆ. ಅದೂ ಬಾಗುತ್ತದೆ.

“ಇವತ್ತಾಗಲ್ಲ,” ಎನ್ನುತ್ತಾರೆ, ಯಾರ ಮುಖವನ್ನೂ ನೋಡದೆ.

ಪಕ್ಕದಲ್ಲಿ ನಿಂತ ಯಜಮಾನಿಯ ಮುಖ ಬಾಡುತ್ತದೆ. ಅಜ್ಜ ಕಟ್ಟಿ ಅಪ್ಪ ಬೆಳೆಸಿದ ಈ ವ್ಯಾಪಾರ ಆಕೆಯ ಕೈಗೆ ಬಂದು ಐದೇ ತಿಂಗಳು. ತಾನೇ ಓಡಾಡಿ ಹಿಡಿದ ಮೊದಲ ಆರ್ಡರ್ ಇದು: ಅರವತ್ತು ಮೂಟೆ, ಸಂಜೆಯೊಳಗೆ ತಲುಪಬೇಕು. ತಪ್ಪಿದರೆ ಗಿರಾಕಿ ಬೇರೆ ಬಾಗಿಲು ನೋಡಿಕೊಳ್ಳುತ್ತಾನೆ. ಆದರೆ ಮೂಟೆ ಕಟ್ಟುವ ಕೋಣೆಗೆ ಬೀಗ ಬಿದ್ದಿದೆ. ಅದರ ಕೀಲಿ ಯಜಮಾನಿಯ ಬಳಿ ಇಲ್ಲ. ದಂಟು ಬಗ್ಗಿಸುತ್ತಿರುವ ಈ ಕೆಲಸದಾಕೆಯ ಸೊಂಟದಲ್ಲಿದೆ.

ಗೋದಾಮಿನವರೆಲ್ಲ ಅವರನ್ನು ಹದದಮ್ಮ ಎನ್ನುತ್ತಾರೆ. ಎಲೆ ಮೂಟೆ ಕಟ್ಟುವ ಹದಕ್ಕೆ ಬಂದಿದೆಯೇ ಎಂದು ಹೇಳುವುದೇ ಅವರ ಕೆಲಸ. ತೀರ ಒಣಗಿದರೆ ಎಲೆ ಪುಡಿಯಾಗುತ್ತದೆ. ದಂಟಿನಲ್ಲಿ ತೇವ ಉಳಿದರೆ ಮೂಟೆ ಒಳಗೊಳಗೇ ಬಿಸಿಯಾಗಿ ಬೂಷ್ಟು ಹಿಡಿಯುತ್ತದೆ. ಎಲೆ ಮೆತ್ತಗಿರಬೇಕು, ದಂಟು ಟಕ್ಕೆಂದು ಮುರಿಯಬೇಕು. ಎರಡೂ ಕೂಡಿಬರುವುದು ಬೆಳಗಿನ ತಂಪಿನಲ್ಲಿ ಒಂದೆರಡು ತಾಸು ಮಾತ್ರ. ದಿನಕ್ಕೆ ಒಂಬತ್ತು ರಾಶಿ, ರಾಶಿಗೆ ನಲವತ್ತು ದಂಟು. ನಲವತ್ತಾರು ವರ್ಷಗಳಿಂದ ಹೀಗೇ.

ಕೀಲಿ ಕೆಲಸದವರ ಸೊಂಟ ಸೇರಿದ್ದಕ್ಕೊಂದು ಕಥೆಯಿದೆ. ಅಜ್ಜ ಬಾಡಿಗೆಯ ಒಂದೇ ಕೋಣೆಯಲ್ಲಿ ವ್ಯಾಪಾರ ಹೂಡಿದಾಗ ಅಲ್ಲಿ ಎಲೆ ವಿಂಗಡಿಸುತ್ತಿದ್ದವರು ಹದದಮ್ಮನ ತಾಯಿ. ದಂಟು ಹಸಿಯಿದೆ ಎಂದ ಆಕೆಯ ಮಾತನ್ನು ಅಜ್ಜ ಕಿವಿಗೆ ಹಾಕಿಕೊಳ್ಳಲಿಲ್ಲ. ಕಳಿಸಿದ ನಲವತ್ತು ಮೂಟೆಯೂ ಬೂಷ್ಟು ಹಿಡಿದು ಮರಳಿ ಬಂದವು.

“ಅವತ್ತು ಅವರು ನಮ್ಮಮ್ಮನ ಮುಂದೆ ಬಂದು ನಿಂತು, ‘ನಂಗೆ ಆತುರ ಜಾಸ್ತಿ ಕಣಮ್ಮಾ. ಕೀಲಿ ನಿನ್ನ ಹತ್ರಾನೇ ಇರ್ಲಿ, ನಾನು ಕೇಳಿದ್ರೂ ಕೊಡಬೇಡ’ ಅಂದ್ರಂತೆ. ಅಮ್ಮ ಕೊಡಲೇ ಇಲ್ಲ. ಅವರು ಕೇಳೋದೂ ಬಿಡಲಿಲ್ಲ,” ಎಂದು ಹದದಮ್ಮ ನನಗೆ ಹೇಳುತ್ತಾರೆ.

ಅಜ್ಜನ ಮಗ ಇನ್ನೂ ಬಿರುಸು. ಹದದಮ್ಮನಿಗೆ ಕೀಲಿ ಬಂದ ಹೊಸತರಲ್ಲೇ ಸುತ್ತಿಗೆ ತಂದು ಬೀಗ ಒಡೆದರು. ಆ ಮೂಟೆಗಳೂ ಹಿಂದೆ ಬಂದವು. “ಮಾರನೇ ದಿನ ಹೊಸ ಬೀಗ ತಂದು ತಾವೇ ಹಾಕಿದ್ರು. ಕೀಲಿ ನನ್ನ ಕೈಲಿಟ್ಟು ಹದಿನೈದು ದಿನ ಈ ಕಡೆ ತಿರುಗಿ ನೋಡಲಿಲ್ಲ. ಪಾಪ, ನಾಚಿಕೆ.”

ಎಲೆಯ ಅಂಟಿಗೆ ಹದದಮ್ಮನ ಬೆರಳುಗಳು ಶಾಶ್ವತವಾಗಿ ಕಪ್ಪಾಗಿವೆ. ಮೊದಮೊದಲು ಹಸಿ ಎಲೆ ಮುಟ್ಟಿದ ದಿನವೆಲ್ಲ ತಲೆಸುತ್ತು, ವಾಂತಿ. ಆ ಪಾಡು ಬೇಡವೆಂದು ಮಗನನ್ನು ಇತ್ತ ಸುಳಿಯಗೊಡಲಿಲ್ಲ. ಅವನೀಗ ಶಾಲಾ ಮೇಷ್ಟ್ರು. ಮೂಟೆ ಒತ್ತುವ ಯಂತ್ರದ ಅಬ್ಬರಕ್ಕೆ ಹದದಮ್ಮನ ಬಲಗಿವಿ ಹೋಗಿದೆ. ಎಡಗಿವಿಗೂ ಈಗ ಮಾತನ್ನು ಎರಡು ಸಲ ಹೇಳಬೇಕು.

ಯಜಮಾನಿಯ ಅಳುಕೂ ಅದೇ. “ದೊಡ್ಡಮ್ಮಾ, ತೇವ ನೋಡೋ ಮೀಟರ್ ಸರಿ ಅಂತಿದೆ. ಮೂರು ಸಲ ಚುಚ್ಚಿ ನೋಡ್ದೆ.”

“ಅದು ಎಲೆ ಸಮಾಚಾರ ಹೇಳ್ತಿದೆ ಕಣೇ. ದಂಟಿನದು ಅದಕ್ಕೆ ಗೊತ್ತಿಲ್ಲ.”

“ನಿಮಗೆ ಕೇಳಿಸ್ಲಿಲ್ಲವೇನೋ.”

ಎಲೆ ಜೋಡಿಸುತ್ತಿದ್ದ ಹೆಂಗಸರ ಕೈಗಳು ನಿಲ್ಲುತ್ತವೆ. ಹದದಮ್ಮ ಸೊಂಟದಿಂದ ಕೀಲಿ ತೆಗೆದು ರಾಶಿಯ ಮೇಲಿಡುತ್ತಾರೆ. “ಹಾಗಾದ್ರೆ ನೀನೇ ಕೇಳು. ಟಕ್ ಅಂದ್ರೆ ತಗೊಂಡು ಹೋಗು.”

ಯಜಮಾನಿ ಒಂದು ದಂಟು ಬಗ್ಗಿಸುತ್ತಾಳೆ. ಲಾರಿಯ ಸದ್ದಿನಲ್ಲಿ ಏನೂ ತಿಳಿಯುವುದಿಲ್ಲ. ಹೊರಗೆ ಹೋಗಿ ಎಂಜಿನ್ ಆರಿಸಲು ಹೇಳಿ ಬರುತ್ತಾಳೆ. ಮೌನದಲ್ಲಿ ಮತ್ತೆ ಶುರು. ಒಂದು, ಎರಡು, ಐದು... ಹೆಚ್ಚಿನವು ಸದ್ದಿಲ್ಲದೆ ಬಾಗುತ್ತವೆ. ಹನ್ನೊಂದನೆಯದಕ್ಕೆ ಕೈ ಇಳಿಸಿ, ಕೀಲಿಯನ್ನೊಮ್ಮೆ ನೋಡಿ, ಅದನ್ನು ಮುಟ್ಟದೆ ಗೇಟಿನತ್ತ ನಡೆಯುತ್ತಾಳೆ.

“ಏನಕ್ಕಾ, ಲೋಡ್ ಮಾಡೋದಾ?” ಎನ್ನುತ್ತಾನೆ ಡ್ರೈವರ್.

“ಇಲ್ಲ. ನಾಡಿದ್ದು ಬನ್ನಿ.”

“ಇಲ್ಲಿ ಯಜಮಾನ್ರು ಯಾರಕ್ಕಾ?”

“ನಮ್ಮಜ್ಜನ ಕಾಲದಿಂದ ನಮಗೂ ಅದು ಗೊತ್ತಾಗಿಲ್ಲ.”

ಖಾಲಿ ಲಾರಿ ತಿರುಗುತ್ತದೆ. ಗಿರಾಕಿ ಫೋನಿನಲ್ಲಿ ಹತ್ತು ನಿಮಿಷ ರೇಗುತ್ತಾನೆ. ಯಜಮಾನಿ ಬೂಷ್ಟಿನ ಮಾತನ್ನೂ, ತನ್ನ ಅವಸರವನ್ನೂ ಮುಚ್ಚಿಡದೆ ಹೇಳುತ್ತಾಳೆ. ಕೊನೆಗೆ ಎರಡು ದಿನದ ಗಡುವು ಸಿಗುತ್ತದೆ, ಮೂರನೆಯ ದಿನ ಬೇಡವೆಂಬ ಎಚ್ಚರಿಕೆಯೊಂದಿಗೆ. ಅವಳು ಬಂದು ಹದದಮ್ಮನ ಪಕ್ಕ ಕುಳಿತು ಮುಂದಿನ ರಾಶಿಯ ಎಲೆ ಎಳೆಯುತ್ತಾಳೆ.

ಏನಾದರೂ ಆಸೆ ಉಳಿದಿದೆಯೇ ಎಂದು ಹೊರಡುವ ಮುನ್ನ ಹದದಮ್ಮನ ಎಡಗಿವಿಗೆ ಬಾಗಿ ಕೇಳುತ್ತೇನೆ. ಎರಡು ಸಲ.

“ಒಂದು ದಿನ ಏಳು ಗಂಟೆವರೆಗೂ ಮಲಗಬೇಕು ಅಂತಿದೆ. ಆದ್ರೆ ಅದಕ್ಕಿನ್ನೂ ಒಂದು ವರ್ಷ ಬೇಕು.” ಯಜಮಾನಿಯತ್ತ ಗಲ್ಲ ಚಾಚಿ ದನಿ ತಗ್ಗಿಸುತ್ತಾರೆ. “ಹನ್ನೊಂದರಲ್ಲಿ ಮೂರು ಟಕ್ ಅಂದ್ವು ಅಂತ ಹೇಳ್ಕೊಂಡು ಓಡಾಡ್ತಿದಾಳೆ. ಅಂದಿದ್ದು ಎರಡೇ. ಮೂರನೇದು ಅವಳ ಬಳೆ.”