ಶಾಂತಾಬಾಯಿಯ ಮನೆಯ ಕರೆಂಟು

ಆಗ ಮದುವೆ ಮನೆಗಳಿಗೆ ಬಣ್ಣದ ಸಣ್ಣ ಬಲ್ಬುಗಳ ಸರಗಳು ಬರುತ್ತಿದ್ದವು. ಮುಟ್ಟಿದರೆ ಬೆರಳು ಬೆಚ್ಚಗಾಗುತ್ತಿತ್ತು, ಹತ್ತಿರ ಹೋದರೆ ಹುಳು ಸುಟ್ಟ ವಾಸನೆ. ನನ್ನ ಸೋದರತ್ತೆ ಮಹಾದೇವಿಯ ಮದುವೆಯ ಬೇಸಿಗೆ ನೆನಪಾದಾಗಲೆಲ್ಲ ಮೊದಲು ಆ ವಾಸನೆಯೇ ಬರುತ್ತದೆ.

ಮರಾಠಿ ಗಡಿಯ ನಮ್ಮೂರು ತುರೋರಿಯಲ್ಲಿ ಅಪ್ಪನ ಚಹಾದಂಗಡಿ ಹೆದ್ದಾರಿಯ ಮೇಲಿತ್ತು. ಮನೆ ಮಾತ್ರ ಹೊಲಗಳ ನಡುವಿನ ಉದ್ದನೆಯ ಹಾದಿಯ ಕೊನೆಗೆ. ನಿಲಂಗಾದಿಂದ ಬರುವ ಬೀಗರು ದಾರಿ ತಪ್ಪಬಾರದೆಂದು ಅಂಗಡಿಯಿಂದ ಚಪ್ಪರದವರೆಗೂ ದೀಪ ಎಳೆಯುವುದಾಗಿ ಅಪ್ಪ ಹಟ ಹಿಡಿದರು. ಮನೆಯ ವೈರಿಂಗು ಹಳೆಯದು, ಒಂದು ಟ್ಯೂಬ್‌ಲೈಟ್ ಹೆಚ್ಚಾದರೂ ಫ್ಯೂಸು ಹಾರುತ್ತಿತ್ತು. ಹಾಗಾಗಿ ಕರೆಂಟೆಲ್ಲ ಅಂಗಡಿಯಿಂದಲೇ.

ಸರ ಕೊಟ್ಟ ನಿಲಂಗಾದ ಅಂಗಡಿಯವನು ಅಪ್ಪನಿಗೆ, "ಒಂದರ ಬಾಲಕ್ಕ ಇನ್ನೊಂದು ಕಟ್ಟಕೋತ ಹೋಗಬ್ಯಾಡ್ರಿ. ವೈರ್ ತೆಳ್ಳಗ ಅದ, ದೂರ ಹೋದಂಗ ಬೆಳಕ ಕಮ್ಮಿ ಆಗ್ತದ. ನಡುವ ಒಂದ್ ಕಡಿ ಬ್ಯಾರೆ ಕರೆಂಟ್ ಕೊಡ್ರಿ, ಇಲ್ಲಾಂದ್ರ ದಪ್ಪ ವೈರ್ ಒಯ್ರಿ" ಅಂದಿದ್ದ. ಬಸ್ಸು ಹತ್ತಿದ ಮೇಲೆ ಅಪ್ಪ, "ವೈರ್ ಮಾರೂದೇ ಅಂವನ ಧಂದಾ. ಸುಮ್ನ ಹೆದರಸ್ತಾನ" ಎಂದು ನಕ್ಕರು.

ಮದುವೆಯ ಹಿಂದಿನ ಸಂಜೆ ಸ್ವಿಚ್ಚು ಒತ್ತಿದರು. ಅಂಗಡಿಯ ಮುಂದೆ ಕಣ್ಣು ಕುಕ್ಕುವ ಬೆಳಕು. ನಡುದಾರಿಯ ಬಾವಿಯ ಹತ್ತಿರ ಮಂಕು. ನಮ್ಮ ಚಪ್ಪರದ ಬಲ್ಬುಗಳಂತೂ ಆರುವ ಕೆಂಡದ ಹಾಗೆ ಕಂಡವು. ನನ್ನ ಅಜ್ಜಿ, ನಾವೆಲ್ಲ ಆಯಿ ಎನ್ನುತ್ತಿದ್ದವರು, ಹೊಸ್ತಿಲಲ್ಲಿ ನಿಂತು ನೋಡಿದರು.

"ನಡುವ ಯಾರೋ ಕರೆಂಟ್ ಎಳ್ಯಾಕತ್ತಾರ."

ಯಾರೆಂದು ಹೇಳಬೇಕಾಗಿರಲಿಲ್ಲ. ಸರ ಹಾದುಹೋದದ್ದು ಪಕ್ಕದ ಮನೆಯ ಶಾಂತಾಬಾಯಿಯ ಗೋಡೆಯ ಮೇಲೆ. ಹಿಂದಿನ ಮಳೆಗಾಲದಲ್ಲಿ ಗಟಾರದ ನೀರಿನ ಸಲುವಾಗಿ ಆಕೆಗೂ ಆಯಿಗೂ ಮಾತು ಬೆಳೆದಿತ್ತು. ಆಕೆಯ ಮಗಳು ಸುರೇಖಾ ನನ್ನ ಗೆಳತಿ.

"ಆಡೂ ನೆವಾ ಮಾಡಿ ಹೋಗಿ ನೋಡಕೊಂಡು ಬಾ" ಎಂದು ಆಯಿ ನನ್ನನ್ನು ಕಳಿಸಿದರು.

ಆ ಮನೆಯಲ್ಲಿ ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಕುಟ್ಟುತ್ತಿದ್ದರು. ಸುರೇಖಾ ನನ್ನ ಅಂಗೈಗೆ ಒಂದಿಷ್ಟು ಹಾಕಿದಳು. ಅದನ್ನು ನೆಕ್ಕುತ್ತ ಗೋಡೆಯುದ್ದಕ್ಕೂ ನಡೆದೆ. ಎಲ್ಲೂ ಜೋಡಿಸಿದ ತಂತಿಯಿರಲಿಲ್ಲ.

"ಏನೂ ಇಲ್ಲ ಆಯಿ."

ಆಯಿ ನನ್ನ ಬಾಯಿ ಮೂಸಿದರು. "ಶೇಂಗಾ ತಿನಸಿ ಕಳಸ್ಯಾರ. ಇನ್ನೇನ್ ಹೇಳ್ತೀ ನೀ!"

ನನಗೆ ಅಳು ಬಂತು. ಆಯಿ ಆಗಲೇ ಗೋಡೆಯ ಹತ್ತಿರ ಹೋಗಿ ದನಿ ಏರಿಸಿದ್ದರು. ಶಾಂತಾಬಾಯಿ ಕೈಗೆ ಹಿಂಡಿ ಮೆತ್ತಿಕೊಂಡೇ ಹೊರಬಂದರು.

"ಅಹೋ ಆಯಿ, ನಮ್ಮನ್ನ ಚೋರ್ ಅಂತೀರೇನ್ರೀ?"

ಅಪ್ಪ ತಲೆ ತಗ್ಗಿಸಿದರು. ನಿಲಂಗಾದವನ ಮಾತು ಅವರಿಗೆ ಆಗ ನೆನಪಾಗಿರಬೇಕು. ಶಾಂತಾಬಾಯಿ ಅವರ ಕಡೆ ತಿರುಗಿ ಹೇಳಿದರು:

"ಬಾವಿ ಹಂತ್ಯಾಕ ಸರ ಕಡೀರಿ. ಆಚಿ ಅರ್ಧ ನಿಮ್ಮ ದುಕಾನದಿಂದ ಉರೀಲಿ, ಈಚಿ ಅರ್ಧ ನಮ್ಮ ಮನಿಯಿಂದ. ಆಮ್ಯಾಲ ನೋಡ್ರಿ, ಯಾರ ಕರೆಂಟ್ ಯಾರು ಎಳೀತಾರ."

ಅಪ್ಪ ಸ್ವಿಚ್ಚು ಆರಿಸಿ, ಸರ ಕತ್ತರಿಸಿ, ಈಚೆ ತುದಿಯನ್ನು ಆಕೆಯ ಕಿಟಕಿಯೊಳಗೆ ತೂರಿಸಿದರು. ಚಪ್ಪರ ಒಮ್ಮೆಲೇ ಹೆದ್ದಾರಿಯಷ್ಟೇ ಬೆಳಗಿತು. ಮಹಾದೇವಿ ಅತ್ತೆ ಮೆಹಂದಿ ಕೈಯಲ್ಲೇ ಚಪ್ಪಾಳೆ ತಟ್ಟಿದಳು. ನಾನು ಆಯಿಯ ಮುಖ ನೋಡಿದೆ.

"ಮದ್ಲ ಜೋಡಿಸಿದ್ದು ಈಗ ತಗದಾಳ, ಅಷ್ಟ" ಎಂದರು ಆಯಿ ಮೆಲ್ಲಗೆ. ಆದರೆ ಕಿಟಕಿಯವರೆಗೂ ಕೇಳಿಸುವಷ್ಟು.

ಮದುವೆ ಮುಗಿಯುವವರೆಗೂ ಆ ಕಿಟಕಿಯಿಂದಲೇ ನಮ್ಮ ದೀಪಗಳು ಉರಿದವು. ಆ ಮನೆಯಿಂದ ಊಟಕ್ಕೆ ಮಾತ್ರ ಯಾರೂ ಬರಲಿಲ್ಲ. ಮರುದಿನ ಅವ್ವ ನನ್ನ ಕೈಯಲ್ಲಿ ಗೋದಿ ಹುಗ್ಗಿ ಕಳಿಸಿದಳು. ಶಾಂತಾಬಾಯಿ ಬಾಗಿಲಲ್ಲೇ ತೆಗೆದುಕೊಂಡು ಪಾತ್ರೆ ತೊಳೆದು ಕೊಟ್ಟರು. ಅಲ್ಲಿಯವರೆಗೆ ಆ ಮನೆಗೆ ಹೋದ ನಮ್ಮ ಪಾತ್ರೆ ಎಂದೂ ಬರಿದಾಗಿ ಬಂದಿರಲಿಲ್ಲ. ಹಿಂದೆ ನಿಂತಿದ್ದ ಸುರೇಖಾ ಆಡಲು ಕರೆಯಲಿಲ್ಲ.

ಈ ದೀಪಾವಳಿಗೆ ಊರಿಗೆ ಹೋಗಿದ್ದೆ. ಈಗಿನ ಎಲ್ಇಡಿ ಸರಗಳು ಎಷ್ಟುದ್ದ ಎಳೆದರೂ ಅಷ್ಟಾಗಿ ಮಂಕಾಗುವುದಿಲ್ಲ, ಪಕ್ಕದ ಮನೆಯ ಪ್ಲಗ್ಗು ಯಾರಿಗೂ ಬೇಕಿಲ್ಲ. ನಡುವಿನ ಗೋಡೆ ಎತ್ತರವಾಗಿದೆ. ಆಚೆಯೂ ದೀಪ ಹಚ್ಚಿದ್ದರು. ಆ ಮನೆಯಲ್ಲಿ ಈಗ ಯಾರಿದ್ದಾರೆ, ಸುರೇಖಾಳನ್ನು ಯಾವ ಊರಿಗೆ ಕೊಟ್ಟರು ಎಂದು ಅವ್ವನನ್ನು ಕೇಳಿದೆ. ಅವ್ವ ಬತ್ತಿ ಹೊಸೆಯುತ್ತ, "ಯಾರಿಗ್ಗೊತ್ತವ್ವಾ" ಎಂದಳು.