ಆರಿದೆ ಎಂಬ ಮಾತು

ಶನಿವಾರ ಹಿತ್ತಲ ಸೌನಾದಲ್ಲಿ, ಅಂದರೆ ಬಿಸಿಯಾವಿಯ ಸ್ನಾನದ ಮನೆಯಲ್ಲಿ, ಎಲ್ಲರೂ ಬೆವರಿ ಮುಗಿಸಿದ ಮೇಲೆ, ಕೊನೆಗೆ ಹೊರಬಂದವರು ‘ಬೆಂಕಿ ಆರಿದೆ’ ಎಂದು ಹೇಳಬೇಕು. ಅಮೆರಿಕದ ಮಿಶಿಗನ್ನಿನ ಉತ್ತರದ ತುದಿಗೆ ಫಿನ್ಲೆಂಡಿನಿಂದ ಬಂದು ನೆಲೆಸಿದ ಕಂಗಾಸ್ ಅಜ್ಜ ಹಾಕಿಕೊಟ್ಟ ರೂಢಿ ಅದು. ಕಟ್ಟಿಗೆ ಒಲೆ, ಮರದ ಗೋಡೆ. ರೂಢಿಯಲ್ಲಿ ತಪ್ಪೇನೂ ಇರಲಿಲ್ಲ.

ಮದುವೆಯಾದ ಹೊಸದರಲ್ಲಿ ಅಜ್ಜನ ಮೊಮ್ಮಗ ಆರ್ವಿಡ್ ‘ಆರಿದೆಯಾ?’ ಎಂದು ಇನ್ನೊಮ್ಮೆ ಕೇಳಿದರೆ ಹೆಂಡತಿ ಲೆಂಪಿ ನಗುತ್ತ ಹೇಳುತ್ತಿದ್ದಳು. ಬರಬರುತ್ತ ಆ ಮಾತಿನಲ್ಲಿ ನಗುವಿದ್ದರೆ ಅವನಿಗೆ ನಂಬಿಕೆ ಬರದಾಯಿತು. ಅವಸರವಿದ್ದರೂ ಇಲ್ಲ, ಸಿಟ್ಟಿದ್ದರೂ ಇಲ್ಲ. ತಣ್ಣಗಿನ ಒಲೆಯ ಮೇಲೆ ತಾನೇ ಅಂಗೈ ಇಟ್ಟು ಬಂದರೂ ಬಾಗಿಲು ದಾಟುವಷ್ಟರಲ್ಲಿ ಅಂಗೈಯ ಸಾಕ್ಷಿ ಸಾಲುತ್ತಿರಲಿಲ್ಲ. ಇದು ಗೀಳಿನ ಕಾಯಿಲೆ ಎಂದ ಡಾಕ್ಟರು, “ಉತ್ತರ ಕೊಟ್ಟಷ್ಟೂ ಪ್ರಶ್ನೆ ಬೆಳೆಯುತ್ತೆ, ಕೊಡಬೇಡಿ” ಎಂದಿದ್ದರು. ಅಡುಗೆಮನೆಯಲ್ಲಿ ನಡುಗುತ್ತ ನಿಂತ ಗಂಡನ ಎದುರು ಡಾಕ್ಟರು ಇರುತ್ತಿರಲಿಲ್ಲ, ಲೆಂಪಿ ಇರುತ್ತಿದ್ದಳು.

ಆ ಭಾನುವಾರ ಬೆಳಿಗ್ಗೆ ಆಸ್ಪತ್ರೆಯಿಂದ ಫೋನು ಬಂತು. ಲೆಂಪಿಯ ಅಕ್ಕ ಎಲ್ಮಾಳ ಸ್ಥಿತಿ ಕೆಟ್ಟಿದೆ, ಬೇಗ ಬನ್ನಿ. ಅಕ್ಕನಿಗೆ ಮಾತಿರುವಾಗಲೇ ಆಸ್ಪತ್ರೆ ಮುಟ್ಟಬೇಕು. ಲೆಂಪಿಗೆ ಬೇಕಿದ್ದುದು ಅಷ್ಟೆ. ಹೆದ್ದಾರಿ ಸೇರುವ ಮೊದಲೇ ಆರ್ವಿಡ್ ಬ್ರೇಕ್ ಹಾಕಿದ.

“ನಿನ್ನೆ ಒಲೆ…”

“ಆರಿದೆ.”

“ಸಿಡುಕಿ ಹೇಳ್ತೀಯ. ಸರಿಯಾಗಿ ಹೇಳು.”

“ಆರಿದೆ ಮಾರಾಯ! ಬೆಳಿಗ್ಗೆ ಅದರ ಮೇಲೆ ಬೆಕ್ಕು ಮಲಗಿತ್ತು!”

“ತಮಾಷೆ ಬೇಡ. ವಾಪಸ್ ಹೋಗೋಣ.”

ಮನೆಯ ಮುಂದೆ ಅವನು ಇಳಿದು ಹಿತ್ತಲಿಗೆ ನಡೆದ ಕೂಡಲೇ ಲೆಂಪಿ ಅವನ ಸೀಟಿಗೆ ಜರುಗಿ ಗಾಡಿ ಹೊರಡಿಸಿದಳು. ಅವನು ಹಿಮದಲ್ಲಿ ಕೈಯೆತ್ತಿ ನಿಂತದ್ದು ಕನ್ನಡಿಯಲ್ಲಿ ಕಂಡಿತು. ಮನಸ್ಸು ಹಗುರಾಯಿತು. ಹಗುರಾದದ್ದಕ್ಕೆ ನಾಚಿಕೆಯೂ ಆಯಿತು.

ಎಲ್ಮಾಳಿಗೆ ಇನ್ನೂ ಮಾತಿತ್ತು. “ನಿನ್ನ ಸವತಿ ಬಿಟ್ಟಳಾ?” ಎಂದಳು. ಆ ಒಲೆಯನ್ನು ಅವಳು ಕರೆಯುತ್ತಿದ್ದುದೇ ಹಾಗೆ.

“ಕದ್ದು ಬಂದೆ ಅಕ್ಕ.”

“ಒಳ್ಳೇದಾಯ್ತು. ಕೂತ್ಕೊ, ಒಂದು ಮಾತು ಹೇಳೋದಿದೆ.”

ಲೆಂಪಿಯ ಫೋನು ಹೊಡೆದುಕೊಂಡಿತು. ನಿಲ್ಲಿಸಿದಳು. ಮತ್ತೆ ಹೊಡೆದುಕೊಂಡಿತು.

“ಹೋಗು, ಹೇಳಿ ಬಾ,” ಎಂದಳು ಎಲ್ಮಾ. “ಇಲ್ದಿದ್ರೆ ನಾನು ಹೇಳೋದು ನಿನ್ನ ಕಿವಿಗೆ ಬೀಳಲ್ಲ.”

ಲೆಂಪಿ ಹೊರಗೆ ಬಂದಳು. “ಮುಟ್ಟಿ ನೋಡ್ದೆ, ತಣ್ಣಗಿದೆ,” ಎಂದ ಆರ್ವಿಡ್. “ಆದ್ರೂ ನೀನೊಂದ್ಸಲ ಹೇಳು.”

“ಆರಿದೆ.”

“ಅವಸರದಲ್ಲಿ ಹೇಳ್ತಿದೀಯ.”

“ಆರಿದೆ, ಆರ್ವಿಡ್.”

“ಅಳ್ತಿದೀಯಾ? ಯಾಕೆ? ಹಾಗಾದ್ರೆ ಉರೀತಿತ್ತಾ?”

ಅವಳು ಫೋನು ಕಟ್ ಮಾಡಿ ಒಳಗೆ ಬಂದಳು. ನರ್ಸು, ತಾನು ಹಿಡಿದಿದ್ದ ಎಲ್ಮಾಳ ಕೈಯನ್ನು ಮೆಲ್ಲಗೆ ಹೊದಿಕೆಯ ಮೇಲಿಟ್ಟು, ಲೆಂಪಿಯ ಕಡೆ ತಿರುಗಿ, ಇಲ್ಲವೆಂದು ತಲೆಯಾಡಿಸಿದಳು.

ಫೋನು ಮತ್ತೆ ಹೊಡೆದುಕೊಂಡಿತು.

“ಆರಿದೆ ತಾನೆ, ಲೆಂಪಿ?”

ಅವಳು ಅಕ್ಕನ ಮುಖ ನೋಡುತ್ತಲೇ ಹೇಳಿದಳು, “ಆರಿದೆ.”

ಆ ಕಡೆಯಿಂದ ನೆಮ್ಮದಿಯ ಉಸಿರು ಕೇಳಿಸಿತು. “ಹಾಂ. ಈಗ ಸರಿಯಾಗಿ ಹೇಳ್ದೆ.”